ಅರಿಶಿನ ಕಾಣದ ಬಾಗಿಲು

ಕುರ್ಚಿ ಗಟ್ಟಿಯಾಗಿ ಹಿಡಿದುಕೊಳ್ಳಿ, ಆಮೇಲೆ ಬಿದ್ದರೆ ನನ್ನನ್ನು ಕೇಳಬೇಡಿ. ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಡಿಟೆಕ್ಟಿವ್‌ಗಳು ನೂರಾರು ಜನ ಇರಬಹುದು. ಆದರೆ ಬಾಗಿಲೇ ಇಲ್ಲದ ಚೌಕಟ್ಟನ್ನು ನೋಡಿಯೇ ಕಳ್ಳನನ್ನು ಹಿಡಿದ ಗಂಡು ಒಬ್ಬನೇ, ಲೋಹಿತ್ ಹನುಮಂತರಾಜು. ಅವನ ಎಂಟ್ರಿಗೆ ಮ್ಯೂಸಿಕ್ ನೀವೇ ಹಾಕಿಕೊಳ್ಳಿ.

ಅಕ್ಟೋಬರ್ ಮೊದಲ ಸೋಮವಾರ, ಬೆಳಿಗ್ಗೆ 8.10. ಠಾಣೆಗೆ ದೂರು ಬಂತು. ಊರಲ್ಲಾದರೆ ಎಫ್ಐಆರ್, ಇಲ್ಲಿ ಬರೀ ರಿಪೋರ್ಟು. ಕ್ಯುಪರ್ಟಿನೋದ ಹೊಸ ಮನೆಯೊಂದರ ಮುಂಬಾಗಿಲು ಕಳುವಾಗಿದೆ. ದೂರುದಾರ ಮಧುಕರ್, ಸಾಫ್ಟ್‌ವೇರ್ ಮ್ಯಾನೇಜರ್.

"ಬಾಗ್ಲು ಅಂದ್ರೆ? ಬಾಗ್ಲಿನ ಬೀಗಾನಾ?" ಲೋಹಿತ್ ಎರಡು ಸಲ ಕೇಳಿದ.

"ಬಾಗ್ಲೇ ಸರ್. ಸಾಗುವಾನಿ. ಚನ್ನಪಟ್ಟಣದಲ್ಲಿ ಕೆತ್ತಿಸಿ ಹಡಗಲ್ಲಿ ತರ್ಸಿದ್ದು."

ಲೋಹಿತ್ ಮತ್ತು ಜೊತೆಯ ಆಫೀಸರ್ ನಿಸರ್ಗಾ ಹೋಗಿ ಪಂಚನಾಮೆ ಮಾಡಿದರು, ಅಂದರೆ ಫೋಟೋ ತೆಗೆದರು. ಬಾಗಿಲಿನ ಕೀಲುಗಳನ್ನು ಯಾರೋ ನಾಜೂಕಾಗಿ ಬಿಚ್ಚಿದ್ದರು. ಚೌಕಟ್ಟಿಗೆ ಪ್ಲೈವುಡ್ ಹಲಗೆ ಒರಗಿಸಿತ್ತು. ಮೇಲೆ ಮಾವಿನ ತೋರಣ ಮಾತ್ರ ನೆಟ್ಟಗೆ ಕಟ್ಟಿತ್ತು.

"ಯಾರ ಮೇಲೆ ಅನುಮಾನ?"

"ಅನುಮಾನ ಏನ್ ಬಂತು ಸರ್, ಕಂಟ್ರಾಕ್ಟರ್ ಸಿದ್ರಾಮಪ್ಪಾನೇ. ಮೊದ್ಲು ಮನೆ ಮೇಲೆ ಲೀನ್ ಹಾಕ್ದ, ಆಮೇಲೆ ಕೋರ್ಟಿಗೆ ಹೋದ, ಈಗ ಬಾಗ್ಲೂ ಕಿತ್ಕೊಂಡ್ ಹೋದ."

"ದಿಸ್ ಈಸ್ ಸೋ ಸಿವಿಲ್," ಎಂದಳು ನಿಸರ್ಗಾ. ಇಲ್ಲೇ ಹುಟ್ಟಿದವಳು, ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

ಮಧುಕರನ ತಾಯಿ ತಾಯಮ್ಮ ಕಾಫಿ ತಂದಿಟ್ಟರು. ಲೋಹಿತ್ ಕುಡಿದು, ಚೆನ್ನಾಗಿದೆ ಅಂದು, ಎದ್ದ.

ಠಾಣೆಯಲ್ಲಿ ಸಾರ್ಜೆಂಟನೂ ಅದನ್ನೇ ಹೇಳಿದ: ಸಿವಿಲ್ ಮ್ಯಾಟರು, ಕೋರ್ಟಿಗೆ ಹೋಗು. ಕೋರ್ಟಿನಲ್ಲಿ ಮೊದಲ ಕಿಟಕಿಯವಳು ಕ್ರಿಮಿನಲ್ ಮ್ಯಾಟರು, ಪೊಲೀಸರ ಹತ್ತಿರ ಹೋಗು ಅಂದಳು. "ನಾನೇ ಪೊಲೀಸು ಕಣಮ್ಮಾ!" ಎಂದು ಲೋಹಿತ್ ಕನ್ನಡದಲ್ಲೇ ಕಿರುಚಿದ. ಊಟದ ಹೊತ್ತು ಕಳೆದ ಮೇಲೆ ಮೂರನೇ ಕಿಟಕಿಯ ಗುಮಾಸ್ತ ವಿಷಯ ಬಿಡಿಸಿ ಹೇಳಿದ. ದುಡ್ಡು ಬಾರದ ಕಂಟ್ರಾಕ್ಟರ್ ತಾನು ಕಟ್ಟಿದ ಮನೆಯ ಮೇಲೆಯೇ ಹಕ್ಕು ದಾಖಲಿಸಬಹುದು, ಅದೇ ಲೀನು. ಕೆಲಸ ಮುಗಿದ ತೊಂಬತ್ತು ದಿನದೊಳಗೆ ದಾಖಲಿಸಬೇಕು. ಅಲ್ಲಿಂದ ಮತ್ತೆ ತೊಂಬತ್ತು ದಿನದೊಳಗೆ ದಾವೆ ಹೂಡಬೇಕು. ಗೆದ್ದರೆ ಕೋರ್ಟು ಮನೆ ಮಾರಿಸಿಯಾದರೂ ದುಡ್ಡು ಕೊಡಿಸುತ್ತದೆ. ತಡವಾಯಿತೋ, ಲೀನು ಕಸದ ಬುಟ್ಟಿಗೆ.

"ಇವರ ಜಗಳ ಒಂದೇ," ಎಂದ ಗುಮಾಸ್ತ. "ಸಿದ್ರಾಮಪ್ಪ ಜೂನ್‌ನಲ್ಲಿ ಲೀನ್ ಹಾಕಿದ್ದಾನೆ. ಮನೆ ಜನವರಿಯ ಗೃಹಪ್ರವೇಶಕ್ಕೇ ಮುಗಿದಿತ್ತು ಅಂತ ಮಾಲೀಕ ಪ್ರಮಾಣ ಮಾಡಿದ್ದಾನೆ. ಕೊನೆಯ ಕೆಲಸ ಬಾಗಿಲು, ಅದನ್ನು ಏಪ್ರಿಲ್‌ನಲ್ಲಿ ಕೂರಿಸಿದೆ ಅಂತ ಇವನು. ಜನವರಿ ನಿಜವಾದರೆ ಲೀನು ತಡ, ಏಪ್ರಿಲ್ ನಿಜವಾದರೆ ಸರಿ."

ಮಂಗಳವಾರ 11.30, ಫ್ರೀಮಾಂಟ್. ಸಿದ್ರಾಮಪ್ಪ ಧಾರವಾಡದ ಕಡೆಯವನು, ಗಡ್ಡದ ತುಂಬ ಮರದ ಪುಡಿ.

"ಬಾಗ್ಲು ಕಿತ್ತಿದ್ದು ನೀವಾ?"

"ನಾ ಯಾಕ ಕೀಳ್ಲಿರಿ? ಆ ಬಾಗಲಾನ ನನ್ನ ಸಾಕ್ಷಿ."

"ಬಾಗ್ಲು ಎಲ್ಲಾದ್ರೂ ಸಾಕ್ಷಿ ಹೇಳುತ್ತಾ?"

"ಹೇಳತೈತ್ರಿ. ಗೃಹಪ್ರವೇಶದ ದಿನ ಬಾಗಲಾ ಇತ್ತಂದ್ರ ಅರಿಶಿಣ ಹಚ್ಚಲಾರದ ಬಿಡ್ತಾರೇನು? ಪಾಲಿಶ್ ಇಲ್ಲದ ಸಾಗವಾನಿ ಅರಿಶಿಣಾ ಕುಡೀತೈತಿ, ಒರಸಿದ್ರ ಹೋಗಂಗಿಲ್ಲ. ಗುರುವಾರ ಎರಡೂ ಕಡಿ ವಕೀಲರು ನೋಡಾಕ ಬರಾವ್ರಿದ್ರು. ಹಳದಿ ಕಲಿ ಕಂಡ್ರ ದಾವೆ ವಾಪಸ್ ತಗೋತೀನಿ ಅಂದೇನಿ."

"ಫೋಟೋ ಇಲ್ವಾ?"

"ಅವತ್ತ ಬಾಗಲಾ ಇಲ್ಲಂತ ಚೌಕಟ್ಟ ತುಂಬ ಚೆಂಡಹೂವಿನ ಪರದೆ ಬಿಟ್ಟಿದ್ರು. ಫೋಟೋದಾಗ ಹೂವ ಬಿಟ್ರ ಏನೂ ಕಾಣಂಗಿಲ್ಲ." ಅವನು ದನಿ ಇಳಿಸಿದ. "ಸಾಹೇಬ್ರ, ಕಳವಿನ ಕೇಸ್ ಬಿತ್ತಂದ್ರ ನನ್ನ ಲೈಸೆನ್ಸ್ ಹೋಗತೈತಿ. ಆಮ್ಯಾಲೆ ಈ ಊರಾಗ ಒಂದು ಮೊಳೀನೂ ಹೊಡಿಯಾಕ ಬಿಡಂಗಿಲ್ಲ."

ಬುಧವಾರ ಸಂಜೆ 4.00. ಲೋಹಿತ್ ಮತ್ತೆ ಕ್ಯುಪರ್ಟಿನೋಗೆ ಬಂದ. ಖಾಲಿ ಚೌಕಟ್ಟಿನ ಮುಂದೆ ನಿಂತ. ತೋರಣ ನೋಡಿದ. ಕೂಲಿಂಗ್ ಗ್ಲಾಸ್ ಏರಿಸಿದ.

"ನಿಸರ್ಗಾ, ಕದ್ದ ಮೇಲೆ ತೋರಣ ಸರಿ ಮಾಡಿ ಹೋಗೋ ಕಳ್ಳನ್ನ ಎಲ್ಲಾದ್ರೂ ನೋಡಿದೀಯಾ?"

"ನೋ ಸರ್."

"ಗಾಡಿ ತೆಗಿ. ಗಿಲ್‌ರಾಯ್."

ದಕ್ಷಿಣಕ್ಕೆ ಹೋಗುವ ಫ್ರೀವೇ ಆ ಹೊತ್ತಿನಲ್ಲಿ ಹೇಗಿರುತ್ತದೆಂದು ಹೇಳಿದರೆ ನೀವೂ ಅಳುತ್ತೀರಿ. ಗಿಲ್‌ರಾಯ್ ಬೆಳ್ಳುಳ್ಳಿಗೆ ಹೆಸರಾದ ಊರು, ಆ ವಾಸನೆ ಕಾರಿನೊಳಗೆ ಬಂದಾಗ 6.20. ಮಧುಕರ್ ಇನ್ನೂ ಮಾರದೆ ಇಟ್ಟುಕೊಂಡಿದ್ದ ಹಳೆಯ ಮನೆಯ ಗ್ಯಾರೇಜು ಅರ್ಧ ತೆರೆದಿತ್ತು. ಒಳಗೆ ಎರಡು ಕುರ್ಚಿಗಳ ಮೇಲೆ ಬಾಗಿಲು ಮಲಗಿತ್ತು. ಪಕ್ಕದಲ್ಲಿ ಮಧುಕರ್, ಮೊಣಕೈವರೆಗೂ ಹಳದಿ. ಅರಿಶಿನವನ್ನು ಬಟ್ಟೆಯಲ್ಲಿ ಅದ್ದಿ ಅದ್ದಿ ಮರಕ್ಕೆ ಉಜ್ಜುತ್ತಿದ್ದ. ಹಳೆಯ ಕಲೆಯಂತೆ ಕಾಣಲೆಂದು ಹೇರ್ ಡ್ರೈಯರ್ ಬೇರೆ ಹಿಡಿದಿದ್ದ.

"ಏನ್ ಗುರೂ, ಬಾಗ್ಲಿಗೆ ಮದುವೆ ಮಾಡ್ತಿದೀಯಾ?" ಎಂದ ಲೋಹಿತ್.

ಕಲೆ ಒಣಗುವವರೆಗೆ ವಕೀಲರ ಭೇಟಿ ಮುಂದೆ ಹೋಗಲಿ ಎಂದೇ ಕಳುವಿನ ದೂರು. ಆಮೇಲೆ ಬಾಗಿಲು ಎಲ್ಲೋ ಸಿಕ್ಕಿತೆನ್ನುವುದು, ಹಳದಿ ತೋರಿಸುವುದು. ಸುಳ್ಳು ದೂರು, ಪ್ರಮಾಣ ಮಾಡಿ ಸುಳ್ಳು ಹೇಳಿದ್ದು, ಎರಡೂ ಆರೋಪದ ಮೇಲೆ 6.45ಕ್ಕೆ ಬಂಧನ. ಸಿದ್ರಾಮಪ್ಪನ ಹೆಸರನ್ನು ಕಳವಿನ ರಿಪೋರ್ಟಿನಿಂದ ತೆಗೆದುಹಾಕಿದರು.

ಕಾರಿನ ಹಿಂದಿನ ಸೀಟಿನಿಂದ ಮಧುಕರ್ ಮುಂದಕ್ಕೆ ಬಾಗಿದ.

"ಅವನ ದುಡ್ಡು ಕೊಟ್ಬಿಡ್ತಿದ್ದೆ ಸರ್, ಸ್ವಲ್ಪ ತಡ ಆಗ್ತಿತ್ತು ಅಷ್ಟೆ. ಲೀನ್ ಹೋಗ್ಲಿ ಅಂತ ಜನವರಿ ಅಂದ್ಬಿಟ್ಟೆ. ಸ್ಕೂಲಿಗೂ ಅದನ್ನೇ ಬರ್ಕೊಟ್ಟಿದ್ದೆ. ಜನವರಿಯಿಂದ ಕ್ಯುಪರ್ಟಿನೋಲೇ ಇದೀವಿ ಅಂತ. ಆ ಊರಲ್ಲಿ ಇರೋರ ಮಕ್ಳಿಗೆ ಮಾತ್ರ ಅಲ್ಲಿ ಸೀಟು. ಬಾಗ್ಲೇ ಇಲ್ದಿರೋ ಮನೇಲಿ ಯಾರ್ ಇರ್ತಾರೆ ಅಂತ ಯಾರಾದ್ರೂ ಕೇಳಿದ್ರೆ ನನ್ ಮಗಳು ಲಾಸ್ಯಾ ಸೀಟು ಹೋಗತ್ತೆ. ಒಂಬತ್ತನೇ ಕ್ಲಾಸು ಸರ್. ಈಗಷ್ಟೇ ಫ್ರೆಂಡ್ಸ್ ಆಗಿದಾರೆ."

ಲೋಹಿತ್‌ನ ಮಗನಿಗೂ ಮುಂದಿನ ವರ್ಷ ಸ್ಕೂಲು.

ಇನ್ನು ನಿಜ ಹೇಳಿಬಿಡುತ್ತೇನೆ. ತೋರಣ ನೋಡಿ ಲೋಹಿತ್‌ಗೆ ಹೊಳೆದದ್ದು ಸೊನ್ನೆ. ಬುಧವಾರ ಅವನು ಅಲ್ಲಿಗೆ ಹೋದದ್ದೇ ಸಿದ್ರಾಮಪ್ಪನನ್ನು ಬಂಧಿಸುವ ಮೊದಲು ದೂರಿನ ಮೇಲೆ ಮಧುಕರನ ಸಹಿ ತೆಗೆದುಕೊಳ್ಳಲು. ಮಧುಕರ್ ಇರಲಿಲ್ಲ, ತಾಯಮ್ಮ ಇದ್ದರು. ಮತ್ತೆ ಕಾಫಿ ಕೊಟ್ಟರು.

"ನಿಮ್ದು ದೊಡ್ ಗಾಡಿ ಅಲ್ವೇನಪ್ಪಾ? ಗಿಲ್‌ರಾಯ್ ಗ್ಯಾರೇಜಿಂದ ಆ ಬಾಗ್ಲು ತಂದ್ಕೊಡೀಪ್ಪಾ. ಪಾಲಿಶ್‌ಗೆ ಅಂತ ಮಗ ತಗೊಂಡೋಗವ್ನೆ. ಶುಕ್ರವಾರ ಆಯುಧಪೂಜೆ. ಕೂರ್ಸಿದಾಗ್ಲಿಂದ ಅದ್ಕೆ ಅರಿಶಿನಾನೇ ಇಟ್ಟಿಲ್ಲ, ಒಳ್ಳೆ ದಿನ ಬರ್ಲಿ ಅಂತ ಕಾಯ್ತಿದ್ದೆ."

ಲೋಹಿತ್ ಲೋಟ ಕೆಳಗಿಟ್ಟ. "ಸೋಮವಾರ ಯಾಕಮ್ಮಾ ಹೇಳ್ಲಿಲ್ಲ?"

"ನೀವೆಲ್ ಕೇಳಿದ್ರಿ? ಕಾಫಿ ಕುಡುದ್ರಿ, ಹೋದ್ರಿ."

ಆಮೇಲೆಯೇ ಚೌಕಟ್ಟು, ತೋರಣ, ಕೂಲಿಂಗ್ ಗ್ಲಾಸು, ಡೈಲಾಗು, ಎಲ್ಲ. ರಿಪೋರ್ಟಿನಲ್ಲಿ 'ಸೂಕ್ಷ್ಮ ಸ್ಥಳ ಪರಿಶೀಲನೆಯಿಂದ' ಎಂದು ಬರೆದ. ನಿಸರ್ಗಾ ಓದಿ ಅವನ ಮುಖ ನೋಡಿದಳು.

ಶುಕ್ರವಾರ ತಾಯಮ್ಮ ಠಾಣೆಗೆ ಫೋನ್ ಮಾಡಿ ಮೊದಲು ಮಗನನ್ನು ಕೇಳಿದರು, ಆಮೇಲೆ ಬಾಗಿಲನ್ನು. ಅವನು ಜಾಮೀನಿನ ಮೇಲೆ ಸಂಜೆ ಬರುತ್ತಾನೆ, ಬಾಗಿಲು ಮಾತ್ರ ಸಾಕ್ಷಿ, ಕೇಸು ಮುಗಿಯುವವರೆಗೆ ಬರುವುದಿಲ್ಲ ಅಂದ ಲೋಹಿತ್. ಅವರು ಖಾಲಿ ಚೌಕಟ್ಟಿಗೇ ಅರಿಶಿನ ಹಚ್ಚಿ, ಪ್ಲೈವುಡ್ ಹಲಗೆಗೆ ಕುಂಕುಮ ಇಟ್ಟು, ಮಗನಿಗೆ ಅಡುಗೆ ಮಾಡಲು ಒಳಗೆ ಹೋದರು.