ಕೆಸರಿಗೆ ಬಿದ್ದ ಬೆಳ್ಳಿ ಹದ್ದು

ತುಂಬಾ ತುಂಬಾ ಹಿಂದಿನ ಮಾತು ಅಂತಿಟ್ಟುಕೊಳ್ಳಿ. ಪೋಲೆಂಡ್ ಎಂಬ ಹಿಮದ ಸೀಮೆಯಲ್ಲಿ, ವಿಸ್ತುಲಾ ನದಿಯ ದಡದಲ್ಲಿ ಒಂದು ರಾಜ್ಯವಿತ್ತು. ಅಲ್ಲಿ ಕಿರೀಟ ತಲೆಗೇರಿಸಿಕೊಂಡ ಮಾತ್ರಕ್ಕೆ ಯಾರೂ ರಾಜನಾಗುವಂತಿರಲಿಲ್ಲ ಕಣ್ರೀ! ಮೂರು ಸಲ ಜನರತ್ತ ಬೆಳ್ಳಿ ನಾಣ್ಯ ತೂರಬೇಕು. ನಾಣ್ಯದ ಒಂದು ಬದಿಗೆ ಹೊಸ ರಾಜನ ಮುಖ, ಇನ್ನೊಂದು ಬದಿಗೆ ರಾಜವಂಶದ ಗುರುತು, ಕಿರೀಟ ತೊಟ್ಟ ಹದ್ದು. ಯಾವ ಬದಿ ಮೇಲಾಗಿ ಬಿದ್ದಿದೆಯೋ, ಎತ್ತಿಕೊಳ್ಳಲು ಬಗ್ಗಿದವರು ಅದಕ್ಕೆ ತಲೆಬಾಗಿದಂತೆ.

ಈಗ ಕೇಳಿ ಅನ್ಯಾಯ. ಸಿಂಹಾಸನ ಕಬಳಿಸಲು ಹೊರಟ ಚರ್ನೋಬೋರ್ ಎಂಬ ಮಾಯಾವಿ, ರಾಜಕುಮಾರ ಜೆಮೋವಿತನನ್ನು ತನ್ನ ಮುಖವಿದ್ದ ಒಂದು ನಾಣ್ಯದ ಹದ್ದಿನೊಳಗೆ ಸೇರಿಸಿಬಿಟ್ಟ. “ಒಬ್ಬ ಪ್ರಜೆ ನನಗೆ ಬಗ್ಗಿದರೂ ಸಾಕು, ಇವನು ಶಾಶ್ವತವಾಗಿ ಬೆಳ್ಳಿ. ನಾನೇ ಇವನಿಗೆ ಬಗ್ಗಿದರೆ ಮಾತ್ರ ಬಿಡುಗಡೆ!” ಎಂದು ಗಹಗಹಿಸಿದ.

ಜೆಮೋವಿತನ ಅಕ್ಕ ದೊಬ್ರಾವಾ ಬರಿಗಾಲಲ್ಲೇ ಓಡಿಬಂದಳು. “ದಮ್ಮಯ್ಯ, ಬಗ್ಗಬೇಡಿ! ನನಗಿರುವುದು ಅವನೊಬ್ಬನೇ,” ಎಂದು ಜನರ ಕೈಹಿಡಿದು ಬೇಡಿದಳು.

ಕಿರೀಟ ತೊಟ್ಟು ಕುದುರೆಯೇರಿದ ಮಾಯಾವಿ ಮೊದಲ ಹಿಡಿ ತೂರಿದ. ಅವನ ಮುಖ ಮೇಲಾಗಿ ಬಿದ್ದ ನಾಣ್ಯಗಳು ಬಿಸಿಬಿಸಿ ರೊಟ್ಟಿಗಳಾದವು. ಹಸಿದ ಊರು! ಘಮಕ್ಕೆ ಎಲ್ಲರ ಬಾಯಲ್ಲೂ ನೀರೂರಿತು. “ನನ್ನ ಸೊಂಟ ಬಗ್ಗದೆ ಎಷ್ಟು ವರ್ಷವಾಯಿತೋ! ನನ್ನ ಚಿಂತೆ ಬಿಡು ತಾಯಿ,” ಎಂದಳು ಮುದುಕಿ ಯಾಗ್ನಾ. ಯಾರೂ ಬಗ್ಗಲಿಲ್ಲ.

ಎರಡನೆಯ ಹಿಡಿ ತೂರಿದ. ನಾಣ್ಯಗಳು ತೋಳಗಳಾಗಿ ಜನರನ್ನು ಸುತ್ತುವರಿದವು. “ಬಗ್ಗಿ, ಬದುಕಿಕೊಳ್ಳಿ!” ಎಂದು ಮಾಯಾವಿ ಗುಡುಗಿದ. ಮಕ್ಕಳನ್ನು ಎದೆಗವಚಿಕೊಂಡು ಜನ ಒಬ್ಬರಿಗೊಬ್ಬರು ಅಂಟಿ ನಿಂತರು. ಆದರೂ ಯಾರೂ ಬಗ್ಗಲಿಲ್ಲ.

ಮೂರನೆಯ ಸಲ ಒಂದೇ ಒಂದು ನಾಣ್ಯ, ಜೆಮೋವಿತನಿದ್ದ ನಾಣ್ಯ. ದೊಬ್ರಾವಾಳ ಕಾಲ ಬಳಿ ಕೆಸರಿಗೆ, ಮಾಯಾವಿಯ ಮುಖ ಮೇಲಾಗಿ ಬಿತ್ತು. ಅಡಿಯಿಂದ ತಮ್ಮನ ದನಿ: “ಅಕ್ಕಾ, ಉಸಿರು ಕಟ್ಟುತ್ತಿದೆ. ಎತ್ತಿಕೋ ಅಕ್ಕಾ!”

ಅಯ್ಯೋ, ಯಾವ ಅಕ್ಕ ತಡೆದುಕೊಂಡಾಳು? ಅವಳ ಕೈ ತಾನಾಗಿ ಚಾಚಿಕೊಂಡಿತು. ಇನ್ನೇನು ಬಗ್ಗಬೇಕು, ತುಟಿ ಕಚ್ಚಿ ನಿಂತಳು. ನಿಂತಲ್ಲೇ ಕಾಲಿನ ಹೆಬ್ಬೆರಳಿನಿಂದ ನಾಣ್ಯವನ್ನು ಮಗುಚಿಬಿಟ್ಟಳು. ಹದ್ದು ಮೇಲಾಯಿತು, ಮಾಯಾವಿಯ ಮುಖ ಕೆಸರಲ್ಲಿ ಹೂತುಹೋಯಿತು. ಜನ ಗೊಳ್ಳೆಂದು ನಕ್ಕರು.

“ನನ್ನ ಮುಖ! ಕೆಸರಲ್ಲಿ!” ಮಾಯಾವಿ ಕುದುರೆಯಿಂದ ಧುಮುಕಿದ. ಸಿಟ್ಟು ನೆತ್ತಿಗೇರಿದವನಿಗೆ ಆಡಿದ ಮಾತು ನೆನಪಿರುತ್ತದೆಯೇ? ನಾಣ್ಯ ಎತ್ತಲು ಬಗ್ಗಿದ. ಹದ್ದಿನ ಮುಂದೆಯೇ ಬಗ್ಗಿದ! ಅವನ ತಲೆಯ ಕಿರೀಟ ಉರುಳಿಬಿತ್ತು.

ರೆಕ್ಕೆ ಬಡಿದ ಸದ್ದಾಯಿತು. ನೋಡಿದರೆ ಜೆಮೋವಿತ ಮೈತುಂಬ ಕೆಸರು ಮೆತ್ತಿಕೊಂಡು ನಿಂತಿದ್ದಾನೆ! ತೋಳಗಳು ಮಾಯವಾದವು, ರೊಟ್ಟಿಗಳು ಮಾತ್ರ ಉಳಿದವು. ಮಂತ್ರವೆಲ್ಲ ಮರೆತುಹೋದ ಮಾಯಾವಿ ಕಾಲಿಗೆ ಬುದ್ಧಿ ಹೇಳಿದ. ಅಂದು ಊರಿಗೆ ಊರೇ ಹೊಟ್ಟೆ ತುಂಬ ಉಂಡಿತು, ಮುಂದೆಯೂ ನೆಮ್ಮದಿಯಾಗಿ ಬಾಳಿತು.

“ಅಷ್ಟು ಕೂಗಿದರೂ ಎತ್ತಿಕೊಳ್ಳಲಿಲ್ಲವಲ್ಲ ಅಕ್ಕಾ,” ಎಂದ ತಮ್ಮ.

ದೊಬ್ರಾವಾ ಅವನ ಬೆನ್ನಿಗೆ ಒಂದು ಗುದ್ದು ಕೊಟ್ಟು, ತಬ್ಬಿಕೊಂಡು ಗಳಗಳನೆ ಅತ್ತಳು. “ಎತ್ತಿಕೊಂಡಿದ್ದರೆ ನೀನೆಲ್ಲಿ ಇರುತ್ತಿದ್ದೆಯೋ, ಪೆದ್ದ!”