ಉಮ್ಮನ ಎಡ ಮಣಿಕಟ್ಟು

ಅದು ನನ್ನ ತಂದೆ, ಉಪ್ಪ, ತೀರಿಹೋದ ಮೇಲಿನ ಆರನೆಯ ಶುಕ್ರವಾರ. ಪಾಣೆಮಂಗಳೂರಿನ ಮನೆಯಲ್ಲಿ ಉಮ್ಮ ಇದ್ದತ್ ಕುಳಿತಿದ್ದರು. ಗಂಡ ಸತ್ತವಳು ನಾಲ್ಕು ತಿಂಗಳು ಹತ್ತು ದಿನ ಸುಗಂಧ ಮುಟ್ಟುವಂತಿಲ್ಲ. ಮಸೀದಿಯ ಮಧ್ಯಾಹ್ನದ ಬಾಂಗ್‌ಗೆ ಸ್ವಲ್ಪ ಮೊದಲು ಗಾಜಿನ ಬಿರಡೆ ತಿರುಗಿಸುವ ಸಣ್ಣ ಸದ್ದು ಕೇಳಿ ಅವರ ಕೋಣೆಗೆ ಹೋದೆ. ಉಮ್ಮ ನಿದ್ದೆಯಲ್ಲಿದ್ದರು. ಕೋಣೆಯ ತುಂಬ ಉಪ್ಪನ ಊದ್ ಅತ್ತರಿನ ಪರಿಮಳವಿತ್ತು.

ಉಪ್ಪ ಶುಕ್ರವಾರದ ನಮಾಜಿಗೆ, ಜುಮಾಕ್ಕೆ, ಹೊರಡುವಾಗ ಬೆರಳಲ್ಲಿ ಉಳಿದ ಅತ್ತರನ್ನು ಉಮ್ಮನ ಎಡ ಮಣಿಕಟ್ಟಿಗೆ ಒರೆಸಿ, "ಇದು ನಿನ್ನ ಪಾಲು ಮಾರಾಯ್ತಿ" ಎನ್ನುತ್ತಿದ್ದರು. ಸೌದಿಯ ದಮ್ಮಾಮಿನಲ್ಲಿ ದುಡಿಯುತ್ತಿದ್ದ ಕಾಲದಲ್ಲಿ ರಜೆಗೆ ಬಂದಾಗಲೂ ಅದು ತಪ್ಪುತ್ತಿರಲಿಲ್ಲ. ಅವರ ಅತ್ತರಿನ ಬಾಟಲಿಗಳನ್ನೆಲ್ಲ ಅಣ್ಣ ಅವರು ತೀರಿದ ದಿನವೇ ತೋಡಾರಿನ ತನ್ನ ಮನೆಗೆ ಒಯ್ದಿದ್ದ.

ಮಣಿಕಟ್ಟು ಮುಟ್ಟಿದೆ. ಎಣ್ಣೆ ಹಸಿಯಾಗಿತ್ತು.

ಉಪ್ಪನ ಅಕ್ಕ ಝೈನಬ್ ಮಾಮಿ ಬಾಗಿಲಿಗೆ ಬಂದು ಮೂಗರಳಿಸಿದರು. "ಅತ್ತರ್ ಹಚ್ಚಿದ್ದು ಯಾರು? ಇವಳಾ?"

"ನಾನು ಮಾಮಿ."

"ಕಾಲೇಜು ಕಲಿತು ಇಷ್ಟೇ ಬುದ್ಧಿ ಉಂಟಾ ನಿನಗೆ? ಊರೆಲ್ಲ ಇವಳನ್ನೇ ಹೇಳ್ತದೆ!"

ಅವರು ಹೋದ ಮೇಲೆ ದುಪಟ್ಟಾದಿಂದ ಉಮ್ಮನ ಕೈ ಒರೆಸಿದೆ. ಕೈ ತಣ್ಣಗಿತ್ತು, ಎಣ್ಣೆ ಹತ್ತಿದ ಜಾಗ ಮಾತ್ರ, ಯಾರೋ ಈಗಷ್ಟೇ ಬೆರಳು ತೆಗೆದ ಹಾಗೆ, ಬೆಚ್ಚಗಿತ್ತು.

"ಜುಮಾಕ್ಕೆ ಹೊರಟರಾ?" ಉಮ್ಮ ಕಣ್ಣು ತೆರೆಯದೆ ಕೇಳಿದರು.

"ಹ್ಞೂಂ" ಎಂದೆ. ಇದನ್ನು ಯಾರಿಗೂ, ಎಚ್ಚರವಾದ ಮೇಲೆ ಉಮ್ಮನಿಗೂ, ಹೇಳಬಾರದೆಂದು ಆಗಲೇ ನಿರ್ಧರಿಸಿದೆ.