ಹಸಿರು ಪೊಟ್ಟಣ ಇಟ್ಟವರು ಯಾರು?

ಮೇಲಿದ್ದ ತಿಂಡಿ ಪೊಟ್ಟಣವನ್ನು ನೋಡದೆಯೇ ಪಕ್ಕಕ್ಕಿಟ್ಟು, ಯೂ-ಶುವಾನ್ ಕಂಪ್ಯೂಟರ್ ಯಂತ್ರದ ಮುಚ್ಚಳ ತೆಗೆದಳು. ಒಳಗೆ ಕಾರ್ಡ್ ಇರಲಿಲ್ಲ.

ವರ್ಷಗಟ್ಟಲೆ ಹೆಣಗಿ ಅವಳು ಮಾಡಿದ ಸರ್ಕ್ಯೂಟ್ ಕಾರ್ಡ್ ಅದು. ರೋಗಿಯ ಜೀನಿನ ಅಕ್ಷರಸಾಲನ್ನು ಮಾದರಿಯ ಸಾಲಿನೊಡನೆ ಹೋಲಿಸುವುದೊಂದೇ ಅದರ ಕೆಲಸ. ಮಾಮೂಲಿ ಕಂಪ್ಯೂಟರ್ ಇಡೀ ದಿನ ತಿಣುಕಿ ಮಾಡುವುದನ್ನು ಅದು ಊಟದ ಹೊತ್ತಿನೊಳಗೆ ಮುಗಿಸುತ್ತಿತ್ತು. ಅದನ್ನು ನೋಡಲು ಇನ್ನೇನು ಆಸ್ಪತ್ರೆಯ ವೈದ್ಯರು ಬರುವವರಿದ್ದರು. ಓಡಿಸಿ ತೋರಿಸದಿದ್ದರೆ ಅವಳ ಯೋಜನೆ ಅಲ್ಲಿಗೇ ಮುಗಿಯಿತು.

ಮುಖ್ಯಸ್ಥೆ ತ್ಸಾಯ್ ಬಾಗಿಲು ಹಾಕಿಸಿದರು. ಸಿಂಚು ನಗರದ ಆ ಪ್ರಯೋಗಾಲಯದಲ್ಲಿ ಈ ಹುಡುಗಿಯ ಮೇಲೆ ಹೊಟ್ಟೆಕಿಚ್ಚು ಯಾರಿಗಿರಲಿಲ್ಲ? ತ್ಸಾಯ್ ಅವರಿಗೂ ಒಂದು ಚಿಟಿಕೆಯಷ್ಟು ಇತ್ತು. ಆದರೆ ಅವರನ್ನೂ ಯೂ-ಶುವಾನ್‌ಳನ್ನೂ ಬಿಟ್ಟರೆ ಬೀಗದ ಕೈ ಇದ್ದದ್ದು ಇನ್ನಿಬ್ಬರ ಬಳಿ ಮಾತ್ರ.

"ನಿನ್ನೆ ಕೊನೆಗೆ ಹೋದವರು ಯಾರು?"

"ನಾನೇ," ಎಂದ ಕುವಾನ್-ಲಿನ್. ಕಾರ್ಡಿಗೆ ತನ್ನ ಹೆಸರೂ ಸೇರಬೇಕಿತ್ತೆಂದು ಸಿಕ್ಕಸಿಕ್ಕವರ ಬಳಿ ಗೊಣಗುತ್ತಿದ್ದವನು. "ಕದ್ದಿದ್ರೆ ಆ ತಿಂಡೀನೂ ತಿಂದ್ಕೊಂಡೇ ಹೋಗ್ತಿದ್ದೆ ಬಿಡಿ."

ಯಂತ್ರ ಹೇಳಿದ ಮಾತು ಕೇಳಲಿ ಎಂದು ಅದರ ಮೇಲೆ ಕುರುಕು ತಿಂಡಿಯ ಪೊಟ್ಟಣ ಇಡುವುದು ಅಲ್ಲಿನ ರೂಢಿ. ಬಣ್ಣ ಹಸಿರೇ ಇರಬೇಕು, ಅವಧಿ ಮೀರಿರಬಾರದು. ಕುವಾನ್-ಲಿನ್ ಅದನ್ನು ಕಂಡಾಗಲೆಲ್ಲ ನಗುತ್ತಿದ್ದ.

"ನೀನು, ಮಿಂಗ್-ಯಾವ್?"

ಈವರೆಗೆ ಲ್ಯಾಬ್ ನಂಬಿಕೊಂಡಿದ್ದ ಹೋಲಿಕೆ ಪ್ರೋಗ್ರಾಮ್ ಬರೆದವನು ಅವನು. "ನಾನ್ಯಾಕೆ ಮೇಡಂ? ಪಾಪ, ತಂಗಿ ಥರ ಇದಾಳೆ. ಕಾರ್ಡ್ ಸಿಗ್ಲಿಲ್ಲ ಅಂದ್ರೆ ನನ್ನ ಪ್ರೋಗ್ರಾಮನ್ನೇ ಓಡಿಸಿ ತೋರಿಸೋಣ. ನಿಧಾನ—ಆದ್ರೂ ಕೈಕೊಡಲ್ಲ."

ತ್ಸಾಯ್ ಪೊಟ್ಟಣವನ್ನು ತಿರುಗಿಸಿ ದಿನಾಂಕ ನೋಡಿದರು. "ಶುವಾನ್, ಇದನ್ನ ಬದಲಾಯಿಸಿದ್ಯಾ?"

"ಇಲ್ಲ ಮೇಡಂ. ಹಳೇದರ ಅವಧಿ ನಿನ್ನೆಗೇ ಮುಗೀತು. ಹೊಸದು ಇನ್ನೂ ನನ್ನ ಚೀಲದಲ್ಲೇ ಇದೆ."

"ಆದರೆ ಇದೂ ಹೊಸದೇ," ಎಂದರು ತ್ಸಾಯ್. "ಕಾರ್ಡ್ ಕೀಳ್ಬೇಕಾದ್ರೆ ಪೊಟ್ಟಣ ಇಳಿಸ್ಲೇಬೇಕು. ಕೆಡಿಸೋಕೆ ಬಂದೋನು ಹಳೇದನ್ನೇ ಬಿಟ್ಟು ಹೋಗ್ತಿದ್ದ. ಕುವಾನ್-ಲಿನ್‌ಗೆ ಇದರಲ್ಲಿ ನಂಬಿಕೇನೇ ಇಲ್ಲ. ಕಾರ್ಡ್ ಕಿತ್ತಮೇಲೂ ಈ ಯಂತ್ರ ಇವತ್ತು ಚೆನ್ನಾಗಿ ಓಡಬೇಕು ಅಂತ ಯಾರಿಗಿತ್ತು? ಕಾರ್ಡ್ ಇಲ್ಲದೆ ಇದರಲ್ಲಿ ಓಡೋದು ಯಾರ ಪ್ರೋಗ್ರಾಮು, ಮಿಂಗ್-ಯಾವ್?"

ಅವನು ತನ್ನ ಮೇಜಿನ ಖಾನೆ ಎಳೆದು ಕಾರ್ಡ್ ತೆಗೆದುಕೊಟ್ಟ. "ನಾಳೆಯಿಂದ ನನ್ನ ಯಾರೂ ಕೇಳಲ್ಲ ಮೇಡಂ. ಇವಳನ್ನ ನೋಡಿದ್ರೆ ಹೊಟ್ಟೆ ಉರಿಯುತ್ತೆ. ಈಗ್ಲೂ."

ಯೂ-ಶುವಾನ್ ಕಾರ್ಡ್ ಕೂರಿಸಿ ಮುಚ್ಚಳ ಹಾಕಿದಳು. ತನ್ನ ಪೊಟ್ಟಣವನ್ನು ಚೀಲದಿಂದ ತೆಗೆಯಲಿಲ್ಲ. ಅವನು ತಂದದ್ದನ್ನೇ ಮೇಲಿಟ್ಟಳು.

"ಇದೇ ಇರ್ಲಿ ಅಣ್ಣ," ಎಂದಳು. "ನಿಮ್ಮ ಹಾರೈಕೆ ನನ್ನ ಕಾರ್ಡಿಗೇ ಸಲ್ಲಲಿ."